ವಸಡಿನಲ್ಲಿ ರಕ್ತ, ಅಮ್ಮನಿಗೆ ಶುಗರ್: ಹಲ್ಲು ಕ್ಲೀನ್ ಮಾಡಿಸಿದವರು ಹೇಳಿ

ಪ್ರಶ್ನೆ, ಹೊಸನಗರ ಕಡೆಯಿಂದ:
ಅಮ್ಮನಿಗೆ 56. ಶುಗರ್ ಶುರುವಾಗಿ ಆರು ವರ್ಷ. ದಿನಾ ಎಲೆ-ಅಡಿಕೆ ಕವಳ ಹಾಕುತ್ತಾರೆ. ಈಗ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತಿದೆ, ಬಾಯಿ ವಾಸನೆಯೂ ಇದೆ. ಡಾಕ್ಟರು ಕ್ಲೀನ್ ಮಾಡಿಸಿ ಅಂದರು. ಚಿಕ್ಕಮ್ಮ ಮಾತ್ರ ಬೇಡವೇ ಬೇಡ, ಹಲ್ಲೆಲ್ಲ ಅಲ್ಲಾಡೋಕೆ ಶುರುವಾಗುತ್ತೆ ಅನ್ನುತ್ತಾರೆ. ಮಾಡಿಸಿದವರು ಯಾರಾದರೂ ಇದ್ದೀರಾ?

ತೀರ್ಥಹಳ್ಳಿಯಿಂದ:
ನಮ್ಮಪ್ಪನ ಕಥೆಯೂ ಇದೇ ಮಾರಾಯ್ರೆ. ಅವರಿಗೆ ಯಾವಾಗಿನಿಂದ ರಕ್ತ ಬರುತ್ತಿತ್ತೋ ನಮಗೆ ಗೊತ್ತೇ ಇಲ್ಲ, ಯಾಕಂದ್ರೆ ನಲವತ್ತು ವರ್ಷದ ಕವಳ, ಉಗುಳಿದ್ದೆಲ್ಲ ಕೆಂಪೇ, ಅದರಲ್ಲಿ ಅಡಿಕೆ-ಸುಣ್ಣದ ಕೆಂಪು ಯಾವುದು ರಕ್ತ ಯಾವುದು ಅಂತ ಯಾರು ನೋಡುತ್ತಾರೆ? ಒಂದು ದಿನ ಬೆಳಿಗ್ಗೆ, ಕವಳಕ್ಕೆ ಮೊದಲು, ಕಚ್ಚಿಟ್ಟ ಬಿಳಿ ಕಡುಬಿನ ಮೇಲೆ ಕೆಂಪು ಗುರುತು ಕಂಡಿತು. ಆವತ್ತೇ ಎಳೆದುಕೊಂಡು ಹೋದೆ.

ಹಲ್ಲಿನ ಡಾಕ್ಟರು ಮೊದಲು ಕೇಳಿದ್ದು ಶುಗರ್ ಎಷ್ಟಿದೆ ಅಂತ. ಹಲ್ಲಿಗೂ ಅದಕ್ಕೂ ಏನು ಅಂತ ಅಪ್ಪ ಗೊಣಗಿದರು. ಸಂಬಂಧ ಇದೆ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ವಸಡಿನ ಸೋಂಕು ಜೋರಾಗುತ್ತದೆ. ವಸಡು ಸದಾ ಊದಿಕೊಂಡೇ ಇದ್ದರೆ ಅದು ಮೈಯಲ್ಲಿ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ. ಒಂದು ಇನ್ನೊಂದಕ್ಕೆ ಗೊಬ್ಬರ. ಆಮೇಲೆ ಸಣ್ಣ ಕಡ್ಡಿಯಂಥದ್ದನ್ನು ಹಲ್ಲು-ವಸಡಿನ ಸಂದಿಗೆ ಇಳಿಸಿ ಅಳೆದರು. ಮೂರು ಮಿಲಿಮೀಟರ್ ತನಕ ಸರಿಯಂತೆ, ಅಪ್ಪನದು ಕೆಲವು ಕಡೆ ಆರು ಇತ್ತು.

ಕ್ಲೀನ್ ಮಾಡುವಾಗ ಕೆಳಗಿನ ಮುಂಹಲ್ಲಿನ ಹಿಂದಿನಿಂದ ಕಂದು ಚೂರುಗಳು ಎದ್ದು ಬಂದವು, ಥೇಟ್ ಅಡಿಕೆ ಚೂರಿನ ಹಾಗೆ. ಮನೆಗೆ ಬಂದು ಕನ್ನಡಿ ಮುಂದೆ ನಿಂತು 'ಹಲ್ಲು ಸವೆಸಿಬಿಟ್ಟ, ನಾಲಿಗೆ ಸಂದಿಯೊಳಗೆ ಹೋಗುತ್ತೆ' ಅಂತ ಎರಡು ದಿನ ರಂಪ. ನಿಮ್ಮ ಚಿಕ್ಕಮ್ಮ ಹೇಳೋದು ಇದನ್ನೇ. ಹಲ್ಲಿನ ಬುಡದ ಮೂಳೆ ಮೊದಲೇ ಕರಗಿತ್ತು, ಕಲ್ಲಾದ ಪಾಚಿ ಸಂದು ತುಂಬಿಕೊಂಡಿದ್ದಕ್ಕೆ ಗೊತ್ತಾಗಿರಲಿಲ್ಲ ಅಷ್ಟೆ. ಮಳೆಗಾಲದಲ್ಲಿ ಬೇಲಿ ಗೂಟದ ಬುಡದ ಮಣ್ಣು ಕೊಚ್ಚಿ ಹೋಗಿದ್ದರೂ ಬಳ್ಳಿ ಹಬ್ಬಿಕೊಂಡು ಗೂಟ ನಿಂತೇ ಇರುತ್ತದಲ್ಲ, ಬಳ್ಳಿ ಸವರಿದ ದಿನ ವಾಲುತ್ತದೆ, ಬೈಗುಳ ಮಾತ್ರ ಕತ್ತಿಗೆ!

ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಆಮೇಲೆ 8.9ರಿಂದ 8.3ಕ್ಕೆ ಬಂತು. ಪೂರ್ತಿ ಅದರಿಂದಲೇ ಅನ್ನೋದಿಲ್ಲ, ಕಾಫಿಗೆ ಬೆಲ್ಲ ಹಾಕೋದನ್ನೂ ಬಿಟ್ಟಿದ್ದರು. ವಸಡಿನ ಚಿಕಿತ್ಸೆಯಿಂದ ಮೂರು ನಾಲ್ಕು ತಿಂಗಳಲ್ಲಿ ಸರಾಸರಿ 0.4ರಷ್ಟು ಇಳಿಯುತ್ತದೆ ಅನ್ನೋದು ಅಧ್ಯಯನಗಳಲ್ಲಿ ಕಂಡಿದೆ. ಕರಗಿದ ಮೂಳೆ ಮಾತ್ರ ತಾನಾಗಿ ವಾಪಸ್ ಬೆಳೆಯಲ್ಲ. ಎರಡು ಹಲ್ಲು ಕೀಳಿಸಲೇ ಬೇಕಾಯಿತು.

ಭದ್ರಾವತಿಯಿಂದ:
ನನ್ನದು ಉಲ್ಟಾ. ಇಪ್ಪತ್ತು ವರ್ಷ ಬೀಡಿ. ಒಂದು ಹನಿ ರಕ್ತ ಬರಲಿಲ್ಲ, ವಸಡು ಗಟ್ಟಿ ಅಂದುಕೊಂಡಿದ್ದೆ. ಹೊಗೆ ಸೇದುವವರಿಗೆ ವಸಡಿನ ರಕ್ತ ಕಮ್ಮಿ ಕಾಣಿಸುತ್ತದೆ, ಒಳಗೆ ಹಾಳಾಗುತ್ತಲೇ ಇರುತ್ತದೆ ಅಂತ ದವಡೆ ಹಲ್ಲು ಕೈಗೆ ಬಂದ ಮೇಲೆ ಗೊತ್ತಾಯಿತು.

ಸಾಗರದಿಂದ:
ನಾನು ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತೇನೆ, ನೋಡಿದ್ದನ್ನು ಹೇಳುತ್ತೇನೆ. ಅಮ್ಮನನ್ನು ಬೆಳಿಗ್ಗೆ ಹೊತ್ತಿಗೇ ಕರೆದುಕೊಂಡು ಹೋಗಿ, ತಿಂಡಿ ತಿಂದು ಶುಗರ್ ಮಾತ್ರೆ ತಗೊಂಡೇ ಬರಲಿ. ಉಪವಾಸ ಬಂದು ಕುರ್ಚಿಯಲ್ಲೇ ತಲೆ ಸುತ್ತಿದವರನ್ನು ನೋಡಿದ್ದೇನೆ. ತಗೊಳ್ಳುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಬಿಪಿಗೆ ಕೊಡುವ ಆಮ್ಲೋಡಿಪಿನ್‌ನಿಂದಲೂ ಕೆಲವರಿಗೆ ವಸಡು ಬೆಳೆಯುತ್ತದೆ.

ರಕ್ತ ಬರುತ್ತೆ ಅಂತ ಉಜ್ಜೋದು ಬಿಟ್ಟರೆ ಇನ್ನೂ ಜಾಸ್ತಿ ಆಗುತ್ತದೆ. ಮೆತ್ತನೆ ಬ್ರಶ್, ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಎರಡು ನಿಮಿಷ, ರಾತ್ರಿ ತಪ್ಪಿಸಬೇಡಿ. ಇದ್ದಿಲು ಪುಡಿ, ಉಪ್ಪು ಹಾಕಿ ತಿಕ್ಕೋದು ಬೇಡ. ಉಪ್ಪುನೀರು ಮುಕ್ಕಳಿಸಿದರೆ ನೋವು ಸ್ವಲ್ಪ ಇಳಿಯುತ್ತದೆ, ಪಾಚಿ ಕರಗಲ್ಲ. ಹಾರ್ಟ್ ಬಗ್ಗೆಯೂ ಜನ ಕೇಳುತ್ತಾರೆ. ವಸಡು ಕೆಟ್ಟವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಾಣುತ್ತದೆ ನಿಜ, ಹಲ್ಲು ಕ್ಲೀನ್ ಮಾಡಿಸಿದರೆ ಹಾರ್ಟ್ ಅಟ್ಯಾಕ್ ತಪ್ಪುತ್ತದೆ ಅಂತ ಮಾತ್ರ ಸಾಬೀತಾಗಿಲ್ಲ, ಹಾಗೆ ಹೇಳಿ ಸುಮ್ನೆ ಹೆದರಿಸುವವರನ್ನು ನಂಬಬೇಡಿ.

ಕವಳದ ವಿಷಯ ಹೇಳಿದರೆ ನಮ್ಮೂರಲ್ಲಿ ಬೈಸಿಕೊಳ್ಳಬೇಕು, ಆದರೂ ಹೇಳುತ್ತೇನೆ. ಹೊಗೆಸೊಪ್ಪು ಬಿಟ್ಟಿದ್ದೇವೆ, ಬರೀ ಅಡಿಕೆ ಅಲ್ವಾ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಅಂದಿದೆ. ನಮ್ಮದೂ ಅಡಿಕೆ ತೋಟವೇ. ಬಾಯಿ ಅಗಲ ತೆರೆಯೋಕೆ ಆಗ್ತಿದೆಯಾ, ಒಳಗೆ ಬಿಳಿ ಮಚ್ಚೆ ಇದೆಯಾ ಅಂತ ಅದೇ ದಿನ ನೋಡಿಸಿಬಿಡಿ.

ಖರ್ಚಿನ ಚಿಂತೆ ಇದ್ದರೆ ಶಿವಮೊಗ್ಗದಲ್ಲಿ ಶರಾವತಿ ಡೆಂಟಲ್ ಕಾಲೇಜು ಇದೆ, ಅಲ್ಲಿ ವಿಚಾರಿಸಿ ನೋಡಿ.

ಹೊಸನಗರದಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಬೇಲಿ ಗೂಟದ ಮಾತು ಓದಿ ಹೇಳಿದೆ, ಅಮ್ಮ ನಕ್ಕರು, ಚಿಕ್ಕಮ್ಮ ನಗಲಿಲ್ಲ. ಅಡಿಕೆ ಕೊನೆ ಕೊಯ್ಲು ಮುಗಿಯಲಿ ಅಂದರು, ನಾನು ಒಪ್ಪಲಿಲ್ಲ. ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತೇವೆ. ಕವಳದ ಸಂಚಿ ಮನೆಯಲ್ಲೇ ಇಡುತ್ತಾರೋ ಸೊಂಟಕ್ಕೆ ಸಿಕ್ಕಿಸಿಕೊಂಡೇ ಬರುತ್ತಾರೋ ನೋಡಬೇಕು.