ಹಳೆಯ ಸ್ಪೋರ್ಟ್ಸ್ ಕಾರಿಗೆ ಕೈಗೆಟಕುವ ಟೈರ್: ಅನುಭವಸ್ಥರು ತಿಳಿಸಿ

ಕೇಳಿದವರು:

ಎಲ್ಲರಿಗೂ ನಮಸ್ಕಾರ. ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 ಕೊಂಡಿದ್ದೇನೆ, 1.6 ಲೀಟರ್ ಎಂಜಿನ್ನಿನದು. ಟೈರಿನ ಅಳತೆ 185/60 ಆರ್14 (ಅಗಲ 185 ಮಿ.ಮೀ., ಎತ್ತರ ಅದರ ಶೇಕಡಾ 60, ರಿಮ್ 14 ಇಂಚು). ಹಿಂದಿನ ಮಾಲೀಕರು ಕಾರನ್ನು ಹೆಚ್ಚಾಗಿ ನಿಲ್ಲಿಸಿಯೇ ಇಟ್ಟಿದ್ದರಿಂದ ಟ್ರೆಡ್ (ನೆಲಕ್ಕೆ ತಾಗುವ ಮೈಯ ತೋಡು) ಇನ್ನೂ ಆಳವಾಗಿದೆ. ಆದರೂ ರಸ್ತೆ ಒದ್ದೆಯಾದರೆ ಸಾಕು, ಹಿಂಭಾಗ ಜಾರುತ್ತದೆ. ರಜೆಯ ದಿನ ತಿರುವುಗಳ ರಸ್ತೆಯಲ್ಲಿ ಸುತ್ತಾಡುವುದಕ್ಕಷ್ಟೇ ಈ ಕಾರು. ರೇಸ್ ಟ್ರ್ಯಾಕಿಗೆ ಒಯ್ಯುವುದಿಲ್ಲ. ದುಬಾರಿ ಟೈರ್ ಕೊಳ್ಳುವಷ್ಟು ಹಣ ಕೈಯಲ್ಲಿಲ್ಲ. ಕಡಿಮೆ ಬೆಲೆಯದನ್ನು ಹಾಕಿದರೆ ಇಂತಹ ಕಾರಿನ ಸೊಗಸು ಹಾಳಾಗುತ್ತದೆಯೇ? ಹಿಂದಿನ ಎರಡನ್ನು ಮಾತ್ರ ಬದಲಿಸಿದರೆ ನಡೆಯುತ್ತದೆಯೇ?

ಅದೇ ಮಾದರಿಯ ಕಾರು ಓಡಿಸುವವರು:

ನಮಸ್ಕಾರ. ಬ್ರ್ಯಾಂಡಿನ ವಿಚಾರ ಆಮೇಲೆ. ಮೊದಲು ಟೈರುಗಳ ವಯಸ್ಸು ನೋಡಿ. ಟೈರಿನ ಪಕ್ಕದಲ್ಲಿ ‘ಡಿಒಟಿ’ ಎಂದು ಆರಂಭವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿಗಳೇ ತಯಾರಾದ ವಾರ ಮತ್ತು ವರ್ಷ. 2314 ಎಂದಿದ್ದರೆ 2014ರ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು. ಅಂತಹ ಟೈರಿನಲ್ಲಿ ಕಾರನ್ನು ಬೀದಿಗೇ ಇಳಿಸಬೇಡಿ. ತಾರೀಖಿರುವ ಪೂರ್ತಿ ಸಾಲು ಎಷ್ಟೋ ಸಲ ಟೈರಿನ ಒಂದು ಪಕ್ಕದಲ್ಲಿ ಮಾತ್ರ ಇರುತ್ತದೆ. ಹೊರಗಡೆ ಕಾಣಿಸಲಿಲ್ಲವೆಂದು ಬಿಟ್ಟುಬಿಡಬೇಡಿ. ಮುಂದಿನ ಗಾಲಿಗಳಾದರೆ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ, ಮೊಬೈಲಿನ ಟಾರ್ಚ್ ಹಿಡಿದು ಒಳಪಕ್ಕವನ್ನು ನೋಡಬಹುದು. ಹಿಂದಿನವಕ್ಕೆ ಕಾರಿನಡಿ ತಲೆ ತೂರಿಸಲೇಬೇಕು.

ಟ್ರೆಡ್ ಆಳವಾಗಿದೆ ಎನ್ನುವುದು ಟೈರ್ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ರಬ್ಬರಿನಲ್ಲಿ ಬೆರೆಸಿದ ಎಣ್ಣೆಯ ಅಂಶ ವರ್ಷ ಕಳೆದಂತೆ ಹೊರಟುಹೋಗುತ್ತದೆ, ಗಾಳಿಯ ಆಮ್ಲಜನಕ ಉಳಿದದ್ದನ್ನು ಬಿಗಿಗೊಳಿಸುತ್ತದೆ. ಓಜೋನಿನಿಂದ ಕಾಪಾಡುವ ಮೇಣದಂತಹ ಪದಾರ್ಥವನ್ನೂ ರಬ್ಬರಿಗೆ ಸೇರಿಸಿರುತ್ತಾರೆ. ಟೈರ್ ಉರುಳಿ, ಬಾಗಿ, ಬಿಸಿಯಾದಾಗ ಅದು ಮೇಲ್ಮೈಗೆ ಬಂದು ಹರಡಿಕೊಳ್ಳುತ್ತದೆ. ನಿಂತ ಕಾರಿಗೆ ಆ ರಕ್ಷಣೆಯೂ ಸರಿಯಾಗಿ ಸಿಗುವುದಿಲ್ಲ. ಕಡಿಮೆ ಓಡಿದ ಹಳೆಯ ಕಾರುಗಳ ಟೈರುಗಳೇ ಬೇಗ ಬಿರುಕು ಬಿಡುವುದು ಇದರಿಂದಲೇ. ಟ್ರೆಡ್ಡಿನ ಒಂದು ಉಬ್ಬಿಗೆ ಹೆಬ್ಬೆರಳಿನ ಉಗುರನ್ನು ಒತ್ತಿ ನೋಡಿ. ಹೊಸ ರಬ್ಬರ್ ಸ್ವಲ್ಪ ತಗ್ಗಿ ಮತ್ತೆ ಮೇಲೇಳುತ್ತದೆ. ಮುದಿಯಾದದ್ದು ಮರದ ಹಲಗೆಯಂತೆ ಉಗುರಿಗೆ ಎದುರು ನಿಲ್ಲುತ್ತದೆ. ಆಮೇಲೆ ತೋಡುಗಳ ತಳದಲ್ಲಿ ಕೂದಲೆಳೆಯಂತಹ ಬಿರುಕುಗಳಿವೆಯೇ ನೋಡಿ. ಹಲವು ಕಾರು ತಯಾರಕರು ಆರು ವರ್ಷಕ್ಕೆ ಟೈರ್ ಬದಲಿಸಿ ಎನ್ನುತ್ತಾರೆ. ಮಿಶೆಲಿನ್, ಕಾಂಟಿನೆಂಟಲ್‌ನಂತಹ ಟೈರ್ ತಯಾರಕರು ನೋಟಕ್ಕೆ ಎಷ್ಟೇ ಚೆನ್ನಾಗಿದ್ದರೂ ಹತ್ತು ವರ್ಷವೇ ಕೊನೆ ಎನ್ನುತ್ತಾರೆ. ನೀವು ಹೇಳುವ ಜಾರುವಿಕೆ ಓದಿದರೆ ನನಗೆ ವಯಸ್ಸಿನ ಮೇಲೆಯೇ ಅನುಮಾನ.

ಈಗ ಬೆಲೆಯ ಮಾತು. ನಿಮ್ಮ ಕಾರಿನ ತೂಕ ಸುಮಾರು 950 ಕಿಲೋ. ಟೈರುಗಳ ಮೇಲೆ ಅದು ಹೇರುವ ಭಾರ ಬಹಳ ಕಡಿಮೆ. 82ಎಚ್ ಎಂದು ಬರೆದ ಟೈರ್ 475 ಕಿಲೋ ಹೊರುತ್ತದೆ, ಗಂಟೆಗೆ 210 ಕಿಲೋಮೀಟರ್ ವೇಗ ತಡೆದುಕೊಳ್ಳುತ್ತದೆ. ಕಾರಿನ ಕೈಪಿಡಿ ಕೇಳುವ ಸಂಖ್ಯೆ ಮತ್ತು ಅಕ್ಷರಕ್ಕಿಂತ ಕೆಳಗೆ ಮಾತ್ರ ಇಳಿಯಬೇಡಿ. ಅದಕ್ಕೆ ಸಮನಾದದ್ದು ಸಿಕ್ಕರೆ ಸಾಕು, ಅದಕ್ಕಿಂತ ಮೇಲಿನ ದರ್ಜೆಗೆ ಹಣ ಸುರಿಯುವ ಅಗತ್ಯ ಈ ಕಾರಿಗಿಲ್ಲ.

ಕಡಿಮೆ ಬೆಲೆ ಎಂದರೆ ಹೆಸರು ಕೇಳಿರದ ಟೈರ್ ಎಂದೇನೂ ಅಲ್ಲ. ದೊಡ್ಡ ಕಂಪನಿಗಳ ಎರಡನೇ ಸಾಲಿನ ಬ್ರ್ಯಾಂಡುಗಳಿವೆ: ಬ್ರಿಡ್ಜ್‌ಸ್ಟೋನಿನ ಫೈರ್‌ಸ್ಟೋನ್, ಕಾಂಟಿನೆಂಟಲಿನ ಜನರಲ್, ಸುಮಿಟೊಮೊದ ಫಾಲ್ಕನ್. ಕೊರಿಯಾದ ಹ್ಯಾಂಕುಕ್, ಕುಮ್ಹೊ, ನೆಕ್ಸೆನ್ ಕೂಡ ಇವೆ. ನನ್ನ ಕಾರಿಗೆ ಇಂತಹದೇ ಮಧ್ಯಮ ದರ್ಜೆಯ ಟೈರುಗಳನ್ನು ಹಾಕಿಸಿದ್ದೇನೆ. ಒದ್ದೆ ರಸ್ತೆಯಲ್ಲಿ ಮೊದಲ ಸಲ ಗಟ್ಟಿಯಾಗಿ ಬ್ರೇಕ್ ಒತ್ತಿದಾಗಲೇ ಬೇರೆ ಕಾರಿನಲ್ಲಿ ಕೂತಂತಾಯಿತು. ಯುರೋಪಿನ ಚೀಟಿ ಅಂಟಿಸಿದ ಟೈರಾದರೆ ಒದ್ದೆ ಹಿಡಿತದ ಅಕ್ಷರ ನೋಡಿ. 2021ರಿಂದ ಅದು ‘ಎ’ಯಿಂದ (ಎಲ್ಲಕ್ಕಿಂತ ಒಳ್ಳೆಯದು) ‘ಇ’ವರೆಗೆ ಇದೆ. ಉಳಿದ ಯಾವ ಗುಣವನ್ನು ಬಿಟ್ಟರೂ ಅದೊಂದನ್ನು ಬಿಟ್ಟುಕೊಡಬೇಡಿ. ಬಿಸಿಲಿನಲ್ಲಿ ಎಲ್ಲ ಟೈರುಗಳೂ ಹೇಗೋ ನಿಭಾಯಿಸುತ್ತವೆ. ಅಗ್ಗದ ಕೆಟ್ಟ ಟೈರ್ ಯಾವುದು, ಅಗ್ಗದ ಒಳ್ಳೆಯ ಟೈರ್ ಯಾವುದು ಎಂಬುದನ್ನು ತೋರಿಸಿಕೊಡುವುದು ಮಳೆ.

ಪೋರ್ಷೆ 944 ಇರುವವರು:

ಮೇಲಿನವರ ಮಾತೆಲ್ಲ ಸರಿ. ಎರಡೇ ಬದಲಿಸುವ ಪ್ರಶ್ನೆಗೆ ನನ್ನ ಉತ್ತರ: ಬೇಡ. ಮುಂದೊಂದು ಬಗೆಯ ರಬ್ಬರ್, ಹಿಂದೊಂದು ಬಗೆಯದು ಇದ್ದರೆ ಯಾವ ತುದಿ ಮೊದಲು ಹಿಡಿತ ಬಿಡುತ್ತದೆ ಎಂದು ನೀವು ಊಹಿಸುತ್ತಾ ಕೂರಬೇಕಾಗುತ್ತದೆ. ಒಣ ರಸ್ತೆಯಲ್ಲಿ ಒಂದು ರೀತಿ, ಒದ್ದೆಯಲ್ಲಿ ಇನ್ನೊಂದು ರೀತಿ. ದುಬಾರಿ ಟೈರ್ ಎರಡು ಕೊಳ್ಳುವ ಹಣದಲ್ಲಿ ಸಾಧಾರಣವಾದ ನಾಲ್ಕು ಬಂದರೆ ಆ ನಾಲ್ಕನ್ನೇ ತೆಗೆದುಕೊಳ್ಳಿ.

ಅನಿವಾರ್ಯವಾಗಿ ಎರಡನ್ನೇ ಕೊಂಡರೆ ಅವು ಹಿಂದಕ್ಕೇ ಹೋಗಲಿ. ತಿರುಗಿಸುವುದೂ ಮುಕ್ಕಾಲು ಬ್ರೇಕ್ ಹಿಡಿಯುವುದೂ ಮುಂದಿನ ಗಾಲಿಯಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಆದರೆ ಮುಂದಿನದು ಜಾರಿದರೆ ಕಾರು ನೇರಕ್ಕೆ ಎಳೆಯುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹೆಚ್ಚಿನ ಸಲ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿ ಸುತ್ತುತ್ತದೆ. ಕಾಲು ತೆಗೆಯುವುದರಿಂದ ಭಾರ ಮುಂದಕ್ಕೆ ಸರಿದು ಅದು ಇನ್ನಷ್ಟು ಬಿಗಡಾಯಿಸುತ್ತದೆ.

ಪೋರ್ಷೆಯವರು ಒಪ್ಪಿದ ಟೈರುಗಳ ಮೇಲೆ ಎನ್0, ಎನ್1 ಎಂಬ ಗುರುತು ಇರುತ್ತದೆ. ಹಳೆಯ ಅಳತೆಗಳಲ್ಲಿ ಅಂತಹವು ಅಪರೂಪ. ಆ ಗುರುತಿಲ್ಲದ ಟೈರುಗಳಲ್ಲೇ ನನ್ನ ಕಾರು ಓಡುತ್ತಿದೆ. ವೇಗ ಮತ್ತು ಭಾರದ ದರ್ಜೆ ಸರಿಯಿದೆ, ತಯಾರಾದ ವರ್ಷ ಹೊಸದು. ನನಗೆ ನೆಮ್ಮದಿ ಇದೆ.

ಟೊಯೋಟಾ ಎಂಆರ್2, ಎರಡನೇ ತಲೆಮಾರು:

ನನ್ನದು ಎಂಜಿನ್ ನಡುವೆ ಇರುವ ಕಾರು. 1993ರ ನಂತರದವಕ್ಕೆ ಮುಂದೆ 195/55 ಆರ್15, ಹಿಂದೆ 225/50 ಆರ್15. ಹಿಂದಿನ ಅಳತೆ ಸಿಗುವುದೇ ಈಗ ದೊಡ್ಡ ಪರದಾಟ. ‘ನಾಲ್ಕಕ್ಕೂ ಒಂದೇ ಅಳತೆ ಹಾಕಿಬಿಡೋಣ, ಅಗ್ಗವಾಗುತ್ತದೆ’ ಎಂದು ಅಂಗಡಿಯವರು ಹೇಳಿದರು. ದಯವಿಟ್ಟು ನಡು ಎಂಜಿನ್ನಿನ ಕಾರಿಗೆ ಅದನ್ನು ಮಾಡಬೇಡಿ. ಹಿಂದೆ ಅಗಲ ಹೆಚ್ಚು ಕೊಟ್ಟಿರುವುದು ಅಂದಕ್ಕಲ್ಲ, ಭಾರವೆಲ್ಲ ಅಲ್ಲಿರುವುದಕ್ಕೆ.

ಇಂತಹ ಅಳತೆ ಹುಡುಕುವವರು ಮೊದಲು ಹಿಂದಿನ ಟೈರ್ ಯಾವ ಯಾವ ಮಾದರಿಯಲ್ಲಿ ಸಿಗುತ್ತದೆ ಎಂದು ಪಟ್ಟಿ ಮಾಡಿ, ಅದೇ ಮಾದರಿಯಲ್ಲಿ ಮುಂದಿನದೂ ಇದೆಯೇ ನೋಡಿ. ನಾಲ್ಕನ್ನೂ ಒಟ್ಟಿಗೆ ಕೊಳ್ಳಿ. ಹಳೆಯ ಅಳತೆಯನ್ನು ತಯಾರಕರು ಯಾವಾಗ ಕೈಬಿಡುತ್ತಾರೆ ಎಂದು ಹೇಳಲಾಗದು. ದಾಸ್ತಾನಿನಲ್ಲಿ ಕೊನೆಯ ಜೊತೆ ಉಳಿದಿದೆ ಎಂದು ರಿಯಾಯಿತಿ ಕೊಟ್ಟರೆ ಖುಷಿಪಡುವ ಮುನ್ನ ಡಿಒಟಿ ಅಂಕಿಗಳನ್ನು ಓದಿ. ಅಪರೂಪದ ಅಳತೆಯ ‘ಹೊಸ’ ಟೈರ್ ಗೋದಾಮಿನಲ್ಲೇ ವರ್ಷಗಟ್ಟಲೆ ಮಲಗಿರಬಹುದು.

ಟ್ರ್ಯಾಕಿಗೂ ಹೋಗುವವರೊಬ್ಬರು:

ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ಸಾಧಾರಣ ಟೂರಿಂಗ್ ಟೈರ್ (ಆರಾಮದ ಪ್ರಯಾಣಕ್ಕೆಂದು ಮಾಡಿದ್ದು) ಹಾಕಿದರೆ ಎಂಎಕ್ಸ್-5ರ ಸ್ಟೀರಿಂಗ್ ಮಂಕಾಗುತ್ತದೆ. ಟೈರಿನ ಪಕ್ಕ ಮೆದುವಾಗಿರುವುದರಿಂದ ತಿರುಗಿಸಿದ ಒಂದು ಕ್ಷಣದ ನಂತರ ಕಾರು ತಿರುಗುತ್ತದೆ. ಇಂತಹ ಕಾರು ಇಟ್ಟುಕೊಳ್ಳುವುದೇ ಆ ಸ್ಪಂದನಕ್ಕಾಗಿ ಅಲ್ಲವೇ? ಟ್ರೆಡ್‌ವೇರ್ ಸಂಖ್ಯೆ (ಹೆಚ್ಚಿದ್ದಷ್ಟೂ ನಿಧಾನ ಸವೆತ) 300ರ ಆಸುಪಾಸು ಇರುವ, ಸ್ಪೋರ್ಟ್ಸ್ ಬಳಕೆಗೆಂದೇ ಮಾಡಿದ ಬೇಸಿಗೆ ಟೈರುಗಳು ಸಣ್ಣ ಅಳತೆಯಲ್ಲಿ ಅಷ್ಟೇನೂ ದುಬಾರಿಯಲ್ಲ. 200ರದ್ದು ಮಾತ್ರ ನಿಮ್ಮ ಬಳಕೆಗೆ ಬೇಡ. ಬಿಸಿಯಾದಾಗ ಅದು ರಸ್ತೆಗೆ ಅಂಟಿಕೊಂಡಂತಿರುತ್ತದೆ, ಆದರೆ ಬೇಗ ಸವೆಯುತ್ತದೆ, ಸವೆದ ಮೇಲೆ ನಿಂತ ನೀರಿನಲ್ಲಿ ತೇಲುತ್ತದೆ, ಚಳಿಯ ಬೆಳಗ್ಗೆ ಕಲ್ಲಾಗಿರುತ್ತದೆ.

ಒಂದು ಎಚ್ಚರಿಕೆ: ಆ ಸಂಖ್ಯೆಯನ್ನು ತಯಾರಕರು ತಾವೇ ಪರೀಕ್ಷೆ ಮಾಡಿಸಿ ಕೊಡುವುದು. ಒಬ್ಬರ 300, ಇನ್ನೊಬ್ಬರ 300 ಒಂದೇ ಆಗಿರಬೇಕಿಲ್ಲ. ಅದರ ಪಕ್ಕದಲ್ಲಿ ಹಿಡಿತಕ್ಕೆಂದು ‘ಎಎ’, ‘ಎ’ ಎಂದಿರುವುದೂ ಒದ್ದೆ ನೆಲದಲ್ಲಿ ನೇರವಾಗಿ ಬ್ರೇಕ್ ಹಿಡಿದ ಪರೀಕ್ಷೆಯದು. ತಿರುವಿನಲ್ಲಿ ಟೈರ್ ಹೇಗೆ ನಡೆದುಕೊಳ್ಳುತ್ತದೆ ಎಂದು ಅದು ಹೇಳುವುದಿಲ್ಲ.

ಮೊದಲು ಉತ್ತರಿಸಿದ ಎಂಎಕ್ಸ್-5 ಮಾಲೀಕರು:

ಸ್ಪಂದನದ ವಿಚಾರ ಒಪ್ಪುತ್ತೇನೆ, ಬಜೆಟ್ ಹಿಗ್ಗಿದರೆ ಅವರು ಹೇಳಿದ್ದನ್ನೇ ತೆಗೆದುಕೊಳ್ಳಿ. ಆದರೆ ಟೈರನ್ನು ದೂರುವ ಮುನ್ನ ಗಾಳಿ ನೋಡಬೇಕು. ನಮ್ಮ ಕಾರಿಗೆ ಮಾಜ್ದಾ ಹೇಳಿರುವುದು ಟೈರ್ ತಣ್ಣಗಿರುವಾಗ 26 ಪಿಎಸ್‌ಐ, ನಾಲ್ಕಕ್ಕೂ. ಗಾಳಿ ಹಾಕುವವರಿಗೆ ಕಾರನ್ನು ಒಪ್ಪಿಸಿ ಸುಮ್ಮನಿದ್ದರೆ ದೊಡ್ಡ ಕಾರುಗಳಿಗೆ ಹಾಕಿದಂತೆ 32, 35 ತುಂಬಿಸಿ ಕಳುಹಿಸುತ್ತಾರೆ. ಇಷ್ಟು ಹಗುರ ಕಾರಿಗೆ ಅದು ವಿಪರೀತ. ಟ್ರೆಡ್ಡಿನ ನಡುಭಾಗ ಮಾತ್ರ ನೆಲಕ್ಕೆ ಗಟ್ಟಿಯಾಗಿ ಒತ್ತುತ್ತದೆ, ರಸ್ತೆಯ ಉಬ್ಬಿಗೆಲ್ಲ ಹಿಂಭಾಗ ಪುಟಿಯುತ್ತದೆ, ಒದ್ದೆಯಲ್ಲಿ ಜಾರುತ್ತದೆ. ಚಿಕ್ಕದೊಂದು ಗೇಜ್ ಇಟ್ಟುಕೊಂಡು ಬೆಳಗ್ಗೆ ಕಾರು ಹೊರಡಿಸುವ ಮುನ್ನ ನೀವೇ ಅಳೆದು ಸರಿಮಾಡಿಕೊಳ್ಳಿ. ಕಾಸು ಖರ್ಚಿಲ್ಲದೆ ಇಷ್ಟು ವ್ಯತ್ಯಾಸ ತರುವ ಕೆಲಸ ಇನ್ನೊಂದಿಲ್ಲ.

ಸುಬಾರು ಓಡಿಸುವವರು:

ನಾಲ್ಕೂ ಗಾಲಿಗೆ ಎಂಜಿನ್ ಶಕ್ತಿ ಹೋಗುವ ಕಾರುಗಳವರು ಇದನ್ನು ಓದುತ್ತಿದ್ದರೆ ಒಂದು ಮಾತು. ನಮಗೆ ಎರಡು ಟೈರ್ ಬದಲಿಸುವ ಆಯ್ಕೆಯೇ ಇಲ್ಲವೆನ್ನಿ. ನಾಲ್ಕರ ಸುತ್ತಳತೆಯಲ್ಲಿ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು ಎನ್ನುತ್ತದೆ ಸುಬಾರು. ಟ್ರೆಡ್ಡಿನ ಆಳದಲ್ಲಿ ಅದು ಬರೀ ಒಂದು ಮಿಲಿಮೀಟರ್. ಮೀರಿದರೆ ನಡುವಿನ ಡಿಫರೆನ್ಷಿಯಲ್ (ಮುಂದಿನ, ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಗೇರುಗಳ ಜೋಡಣೆ) ಬಿಡುವಿಲ್ಲದೆ ದುಡಿದು ಸವೆಯುತ್ತದೆ, ಅದರ ದುರಸ್ತಿಯ ಮುಂದೆ ಟೈರಿನ ಖರ್ಚು ಏನೂ ಅಲ್ಲ.

ಟೈರ್ ಕೆಲಸ ಬಲ್ಲವರೊಬ್ಬರು:

ಬಳಸಿದ ಟೈರ್ ಕೊಂಡರೆ ಅಗ್ಗವಲ್ಲವೇ ಎಂದು ಯಾರಾದರೂ ಹೇಳುವ ಮೊದಲೇ ಬರೆಯುತ್ತಿದ್ದೇನೆ. ರಿಮ್ಮಿನಿಂದ ಕಳಚಿದ ಟೈರಿನ ಒಳಮೈಯನ್ನು ಬೆಳಕಿನಲ್ಲಿ ನೋಡದೆ ಕೊಳ್ಳಬೇಡಿ. ಗಾಳಿಯಿಲ್ಲದೆ ಸ್ವಲ್ಪ ದೂರ ಓಡಿದ್ದರೂ ಒಳಪಕ್ಕದ ಸುತ್ತ ಉಜ್ಜಿದ ಪಟ್ಟಿ ಕಾಣುತ್ತದೆ, ಬೆರಳಾಡಿಸಿದರೆ ಕಪ್ಪು ಪುಡಿ ಅಂಟುತ್ತದೆ. ಅಂತಹ ಟೈರ್ ಹೊರಗಿನಿಂದ ಹೊಸದರಂತಿದ್ದರೂ ಒಳಗಿನ ನೂಲು ಮುರಿದಿರುತ್ತದೆ. ನನ್ನನ್ನು ಕೇಳಿದರೆ ಇದರ ಗೊಡವೆಯೇ ಬೇಡ.

ಹಳೆಯ ಬಿಎಂಡಬ್ಲ್ಯು ಇರುವವರು:

ಮಿಶೆಲಿನ್ ಟಿಆರ್‌ಎಕ್ಸ್ ರಿಮ್ ಇರುವ ಕಾರು ಕೊಳ್ಳುವವರು ಗಮನಿಸಿ. ಅದರ ವ್ಯಾಸ ಇಂಚಿನಲ್ಲಿಲ್ಲ, 390 ಮಿಲಿಮೀಟರ್ ಎಂಬಂತೆ ಇರುತ್ತದೆ. ಸಾಮಾನ್ಯ ಟೈರ್ ಅದಕ್ಕೆ ಕೂರುವುದೇ ಇಲ್ಲ. ಆ ಟೈರುಗಳು ದುಬಾರಿ. ನಾನು ಮೂಲ ರಿಮ್ಮುಗಳನ್ನು ಜೋಪಾನವಾಗಿ ಎತ್ತಿಟ್ಟು, ಇಂಚಿನ ಅಳತೆಯ ರಿಮ್ ಹಾಕಿಕೊಂಡೆ. ರಿಮ್ಮಿಗೂ ಟೈರಿಗೂ ಸೇರಿ ಆದ ಖರ್ಚು ಟಿಆರ್‌ಎಕ್ಸ್ ಟೈರಿಗಿಂತ ಕಡಿಮೆ.

ಕೇಳಿದವರು:

ಎಲ್ಲರಿಗೂ ಧನ್ಯವಾದ. ಟಾರ್ಚ್ ಹಿಡಿದು ನೋಡಿದೆ. ಮುಂದಿನವು 4709, ಹಿಂದಿನವು 1208! ಉಗುರು ಒತ್ತಿದರೆ ಗುರುತೂ ಬೀಳಲಿಲ್ಲ. ಗಾಳಿ 34 ಇತ್ತು. ನಾಲ್ಕನ್ನೂ ಬದಲಿಸುತ್ತೇನೆ. 14 ಇಂಚಿನಲ್ಲಿ ಆಯ್ಕೆ ಕಡಿಮೆ ಕಾಣುತ್ತಿದೆ. ಗೆಳೆಯರೊಬ್ಬರು 15 ಇಂಚಿನ ರಿಮ್ ಕೊಡುತ್ತೇನೆ ಎನ್ನುತ್ತಿದ್ದಾರೆ. ಹಾಕಬಹುದೇ?

ಮೊದಲು ಉತ್ತರಿಸಿದ ಎಂಎಕ್ಸ್-5 ಮಾಲೀಕರು:

ಹಾಕಬಹುದು, ಲೆಕ್ಕ ಹೊಂದಬೇಕು ಅಷ್ಟೆ. 185/60 ಆರ್14 ಎಂದರೆ ಟೈರಿನ ಎತ್ತರ 185ರ ಶೇಕಡಾ 60, ಅಂದರೆ 111 ಮಿ.ಮೀ. ಮೇಲೆ ಕೆಳಗೆ ಎರಡು ಸಲ ಸೇರಿಸಿ, ರಿಮ್ಮಿನ 355.6 ಕೂಡಿದರೆ ಒಟ್ಟು ವ್ಯಾಸ 577.6 ಮಿ.ಮೀ. ಈಗ 195/50 ಆರ್15 ತೆಗೆದುಕೊಳ್ಳಿ: 97.5ರ ಎರಡು ಪಟ್ಟು, ರಿಮ್ಮಿನ 381 ಸೇರಿ 576. ವ್ಯತ್ಯಾಸ ಎರಡು ಮಿಲಿಮೀಟರ್ ಕೂಡ ಇಲ್ಲ. ಸ್ಪೀಡೋಮೀಟರ್ ಸರಿಯಾಗಿಯೇ ಇರುತ್ತದೆ. 195/55 ಹಾಕಿದರೆ 595.5 ಆಗುತ್ತದೆ, ಶೇಕಡಾ ಮೂರರಷ್ಟು ದೊಡ್ಡದು. ಅದನ್ನು ಬಿಡಿ. 195/50 ಆರ್15 ಈ ಕಾರಿನವರೆಲ್ಲ ಬಳಸುವ ಅಳತೆ, ಅದರಲ್ಲಿ ಸ್ಪೋರ್ಟ್ಸ್ ಟೈರುಗಳೂ ಹೆಚ್ಚು ಸಿಗುತ್ತವೆ.

ಗೆಳೆಯರ ರಿಮ್ಮಿನಲ್ಲಿ ನಾಲ್ಕು ಬೋಲ್ಟುಗಳ ತೂತುಗಳು 100 ಮಿ.ಮೀ. ವ್ಯಾಸದ ವೃತ್ತದಲ್ಲಿ ಇರಬೇಕು, ನಡುವಿನ ರಂಧ್ರ 54.1 ಮಿ.ಮೀ. ಇರಬೇಕು, ರಂಧ್ರ ದೊಡ್ಡದಿದ್ದರೆ ತೆರವು ತುಂಬಲು ಉಂಗುರ ಹಾಕಿಸಿ, ಇಲ್ಲದಿದ್ದರೆ ಸ್ಟೀರಿಂಗ್ ನಡುಗಬಹುದು. ಆಫ್‌ಸೆಟ್ (ರಿಮ್ಮಿನ ನಡುರೇಖೆಯಿಂದ ಅದು ಕಾರಿಗೆ ಕೂರುವ ಮೈಗಿರುವ ದೂರ) ಮೂಲದಲ್ಲಿ 45 ಮಿ.ಮೀ., ಅದರಿಂದ ಬಹಳ ದೂರ ಹೋಗಬಾರದು. ರಿಮ್ ಎತ್ತಿ ತೂಕವನ್ನೂ ನೋಡಿ. ಭಾರವಾದ ರಿಮ್ ಈ ಕಾರಿನ ಚುರುಕನ್ನು ತಿನ್ನುತ್ತದೆ. ಆಗ 14ರಲ್ಲೇ ಸಿಕ್ಕದ್ದನ್ನು ಹಾಕಿಕೊಳ್ಳುವುದು ವಾಸಿ.

ಹೊಸ ಟೈರ್ ಹಾಕಿಸುವಾಗ ರಬ್ಬರ್ ವಾಲ್ವುಗಳನ್ನೂ ಹೊಸದು ಹಾಕಿಸಿ. ಅಲೈನ್‌ಮೆಂಟ್ ನಾಲ್ಕು ಗಾಲಿಗೂ ಮಾಡುವ ಕಡೆಯೇ ಹೋಗಿ, ಈ ಕಾರಿನಲ್ಲಿ ಹಿಂದಿನ ಗಾಲಿಗಳನ್ನೂ ಹೊಂದಿಸಲು ಬರುತ್ತದೆ. ಕಳಚಿದ ಟೈರುಗಳನ್ನು ಎಸೆಯುವ ಮುನ್ನ ಸಾಲಾಗಿ ನಿಲ್ಲಿಸಿ ಒಳ ಅಂಚು ನೋಡಿ. ಅಲ್ಲಿ ಮಾತ್ರ ಸವೆದಿದ್ದರೆ ಟೋ (ಗಾಲಿ ಒಳಕ್ಕೋ ಹೊರಕ್ಕೋ ವಾಲಿ ನೋಡುವ ಕೋನ) ತಪ್ಪಿದೆ, ಇಲ್ಲವೇ ಸಸ್ಪೆನ್ಷನ್ನಿನ ಬುಷ್‌ಗಳು (ಕೀಲಿನ ರಬ್ಬರ್ ತುಂಡುಗಳು) ಹೋಗಿವೆ. ಬುಷ್ ಹೋಗಿದ್ದರೆ ಮೊದಲು ಅದನ್ನು ಸರಿಪಡಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿ. ಮೊದಲ ಕೆಲವು ನೂರು ಕಿಲೋಮೀಟರ್ ತಿರುವುಗಳಲ್ಲಿ ಮೆಲ್ಲಗೆ ಹೋಗಿ. ಯಾವ ಟೈರ್ ಹಾಕಿಸಿದಿರಿ, ಒಳ ಅಂಚು ಹೇಗಿತ್ತು ಎಂದು ಇಲ್ಲೇ ಬರೆಯಿರಿ.