ಮೆತ್ತಗಿರೋ ಮೊಹೇರ್ ನೂಲು ಯಾವ್ದು? ಸ್ವೆಟರ್‌ಗೆ ಬೇಕು, ಕತ್ತಿಗೆ ಚುಚ್ಚಬಾರದು

ಹೊಸಕಡ್ಡಿ:
ಎಲ್ರಿಗೂ ನಮಸ್ಕಾರ. ಎರಡು ವರ್ಷದಿಂದ ಹೆಣಿಗೆ ಹಾಕ್ತಿದೀನಿ, ಟೋಪಿ ಮಫ್ಲರ್ ಎಲ್ಲಾ ಆಯ್ತು, ಒಂದು ಸಾದಾ ಸ್ವೆಟರ್ ಕೂಡ ಮುಗಿಸಿದೀನಿ. ಈಗ ನಮ್ಮಕ್ಕಂಗೆ ಮೊಹೇರ್‌ದು ಒಂದು ಸ್ವೆಟರ್ ಮಾಡ್ಬೇಕು ಅಂತ ಆಸೆ, ಅದೇ ಹತ್ತಿ ಥರ ತೆಳ್ಳಗೆ ಸುತ್ತ ಮಂಜು ಕವಿದ ಹಾಗೆ ಕಾಣತ್ತಲ್ಲ ಅದು. ತೊಂದ್ರೆ ಏನಂದ್ರೆ ಹೋದ ಸಲ ಅವಳಿಗೆ ಒಂದು ಮೊಹೇರ್ ಮಫ್ಲರ್ ಮಾಡಿಕೊಟ್ಟಿದ್ದೆ, ಕೈಯಲ್ಲಿ ಹಿಡಿದಾಗ ಬೆಣ್ಣೆ ಹಾಗಿತ್ತು, ಕತ್ತಿಗೆ ಹಾಕಿ ಹತ್ತು ನಿಮಿಷಕ್ಕೆ ತೆಗೆದು ನನ್ನ ಕೈಗೇ ವಾಪಸ್ ಕೊಟ್ಲು, ಕತ್ತೆಲ್ಲ ಕೆಂಪಾಗಿತ್ತು ಪಾಪ. ಆಮೇಲೆ ಲೇಬಲ್ ನೋಡಿದ್ರೆ ಮೊಹೇರ್ ಅಂತ ದೊಡ್ಡದಾಗಿ ಬರೆದಿದಾರೆ, ಎಂಥ ಮೊಹೇರ್ ಅಂತ ಎಲ್ಲೂ ಇಲ್ಲ. ಹಂಗಾದ್ರೆ ನಿಜವಾಗ್ಲೂ ಮೆತ್ತಗಿರೋದನ್ನ ಹುಡುಕೋದು ಹೇಗೆ? ಸಿಲ್ಕ್ ಸೇರಿರೋದು ತಗೊಳ್ಳಾ, ನೈಲಾನ್ ಸೇರಿರೋದು ತಗೊಳ್ಳಾ? ಒಂದೇ ಎಳೆಯಲ್ಲಿ ಹೆಣಿಯೋದಾ ಬೇರೆ ಉಲ್ಲನ್ ಜೊತೆ ಸೇರಿಸ್ಕೊಂಡಾ? ಎಷ್ಟು ಉಂಡೆ ಬೇಕಾಗತ್ತೆ?

ಉಂಡೆಉಲ್ಲನ್:
ಲೇಬಲ್‌ನಲ್ಲಿ ಮೊಹೇರ್ ಅನ್ನೋ ಪದ ಬಿಟ್ಟುಬಿಡಿ, ಅದರ ಹಿಂದೆ ಕಿಡ್ (ಅಂದ್ರೆ ಮೇಕೆ ಮರಿ) ಅಂತ ಇದೆಯಾ ನೋಡಿ. ಮೊಹೇರ್ ಅಂದ್ರೆ ಅಂಗೋರಾ ಮೇಕೆ ಕೂದಲು. (ಅಂಗೋರಾ ಅಂತ ಮಾರೋ ಉಲ್ಲನ್ ಮೊಲದ್ದು, ಅದೇ ಬೇರೆ. ಎರಡಕ್ಕೂ ಅಂಕಾರಾ ಊರಿನ ಹಳೇ ಹೆಸರೇ ಬಂದು ಎಲ್ಲರ ತಲೆ ಕೆಡಿಸಿದೆ.) ಈ ಮೇಕೆಗೆ ವರ್ಷಕ್ಕೆ ಎರಡು ಸಲ ಕೂದಲು ಕತ್ತರಿಸ್ತಾರೆ, ಮೇಕೆಗೆ ವಯಸ್ಸಾದ ಹಾಗೆ ಕೂದಲು ದಪ್ಪ ಆಗ್ತಾ ಹೋಗತ್ತೆ. ಮರಿಯ ಮೊದಮೊದಲ ಕಟಾವು ಸುಮಾರು 24-25 ಮೈಕ್ರಾನ್ ದಪ್ಪ (ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು), ದೊಡ್ಡ ಮೇಕೆದು 35 ದಾಟಿಬಿಡತ್ತೆ. 30 ಮೈಕ್ರಾನ್ ಮೇಲಿರೋ ಎಳೆ ತುದಿ ಚರ್ಮಕ್ಕೆ ತಾಗಿದಾಗ ಬಾಗಲ್ಲ, ನೆಟ್ಟಗೆ ನಿಂತು ಚುಚ್ಚತ್ತೆ, ನಿಮ್ಮಕ್ಕನ ಕತ್ತಿಗೆ ಆಗಿರೋದು ಬಹುಶಃ ಅದೇ. ಅಲರ್ಜಿ ಅಂತ ಜನ ಅನ್ಕೊಳ್ತಾರೆ, ಹೆಚ್ಚಿನ ಸಲ ಅಲರ್ಜಿ ಏನೂ ಅಲ್ಲ, ಸುಮ್ನೆ ಚುಚ್ಚಾಟ. ಕೈಯಲ್ಲಿ ಹಿಡಿದ್ರೆ ಗೊತ್ತಾಗಲ್ಲ ಯಾಕಂದ್ರೆ ಅಂಗೈ ಚರ್ಮ ದಪ್ಪ, ಅದಕ್ಕೆ ಉಂಡೇನ ಕಿವಿ ಕೆಳಗೆ ಇಲ್ಲಾ ಮೊಣಕೈ ಒಳಮಡಿಕೇಲಿ ಇಟ್ಟು ನೋಡ್ಬೇಕು, ಅದೂ ಒಂದು ಸೆಕೆಂಡ್ ಅಲ್ಲ, ಮಾತಾಡ್ತಾ ಮಾತಾಡ್ತಾ ಐದು ನಿಮಿಷ ಹಂಗೇ ಇಟ್ಕೊಂಡಿರಿ.

ಸಿಲ್ಕಾ ನೈಲಾನಾ ಅಂದ್ರಲ್ಲ, ನನ್ನ ಓಟು ಸಿಲ್ಕಿಗೆ. ಒಳಗಡೆ ಸಣ್ಣ ರೇಷ್ಮೆ ದಾರ ಇರತ್ತೆ, ಅದರ ಸುತ್ತ ಮೊಹೇರ್ ಕುಣಿಕೆ ಕುಣಿಕೆಯಾಗಿ ಸುತ್ತಿ ಆಮೇಲೆ ಬ್ರಷ್ ಹಾಕಿ ಎಬ್ಬಿಸಿರ್ತಾರೆ, ಆ ಮಂಜು ಬರೋದು ಹಂಗೆ. ನೈಲಾನ್ ಒಳದಾರ ಗಟ್ಟಿ, ಅದು ಚುಚ್ಚಲ್ಲ, ಆದ್ರೆ ನಾನು ನೋಡಿರೋ ಹಾಗೆ ನೈಲಾನ್ ಹಾಕಿರೋ ಕಡೆ ಮೊಹೇರೂ ದೊಡ್ಡ ಮೇಕೆದೇ ಹಾಕಿರ್ತಾರೆ, ತಪ್ಪು ನೈಲಾನ್‌ದಲ್ಲ. ಎರಡು ಕಂಪನಿ ನೂಲು ಹೇಳ್ತೀನಿ, ರೋವನ್ ಕಿಡ್‌ಸಿಲ್ಕ್ ಹೇಜ್ 70% ಸೂಪರ್ ಕಿಡ್ ಮೊಹೇರ್ 30% ಸಿಲ್ಕ್, ಡ್ರಾಪ್ಸ್ ಕಿಡ್-ಸಿಲ್ಕ್ 75ಕ್ಕೆ 25. ಎರಡೂ 25 ಗ್ರಾಂ ಉಂಡೆ, 210 ಮೀಟರ್. ಸೂಪರ್ ಕಿಡ್ ಅಂದ್ರೆ ಮರಿಗಳ ಕೂದಲಲ್ಲೂ ಅತೀ ಸಣ್ಣದನ್ನ ಆರಿಸಿರೋದು.

ಬಿಚ್ಚೋಲೆ:
ಮೇಲಿನವ್ರು ಹೇಳಿದ್ದೆಲ್ಲ ಸರಿ, ಆದ್ರೂ ನಾನು ಒಪ್ಪಲ್ಲ 😄 ಮಫ್ಲರ್ ಹತ್ತು ನಿಮಿಷ ತಡೀದೆ ಇರೋರಿಗೆ ಎಂಥ ಮರಿ ಮೇಕೆ ತಂದ್ರೂ ಕಷ್ಟ. 25 ಮೈಕ್ರಾನ್ ಅಂದ್ರೆ ಸರಾಸರಿ ಕಣ್ರೀ, ಅದರೊಳಗೆ ದಪ್ಪ ಎಳೆಗಳೂ ಇದ್ದೇ ಇರ್ತಾವೆ. ನಂಗೂ ಹಂಗೇ, ಕಿಡ್ ಸಿಲ್ಕ್ ಅಂತ ನಂಬಿ ಪೂರ್ತಿ ಸ್ವೆಟರ್ ಹೆಣೆದು ಈಗ ಒಳಗೆ ತುಂಬುತೋಳು ಬನಿಯನ್ ಹಾಕ್ಕೊಂಡ್ರೇನೇ ಹಾಕೋದು. ಬ್ರಷ್ ಮಾಡಿರೋ ಅಲ್ಪಾಕಾ (ಒಂಟೆ ಜಾತಿಯ ಒಂದು ಪ್ರಾಣಿ ಉಣ್ಣೆ) ಸಿಲ್ಕ್ ನೋಡಿ, ಅದೇ ಮಂಜು, ಚುಚ್ಚೋದು ನಂಗಂತೂ ತುಂಬಾ ಕಮ್ಮಿ. ಡ್ರಾಪ್ಸ್‌ದು 25 ಗ್ರಾಂಗೆ 140 ಮೀಟರ್, ಅಂದ್ರೆ ಸ್ವಲ್ಪ ದಪ್ಪ, ಕೆಲಸ ಬೇಗ ಮುಗಿಯತ್ತೆ. ಮೊಹೇರ್‌ಗಿರೋ ಹೊಳಪು ಮಾತ್ರ ಅದರಲ್ಲಿ ಇಲ್ಲ, ಅದು ಒಪ್ಕೊಳ್ತೀನಿ. ಇನ್ನೊಂದು, ಮನೇಲಿ ಕೂಸು ಇದ್ರೆ ಎರಡೂ ಬೇಡ, ನವಿರು ಕೂದಲು ಉದುರಿ ಬಾಯಿಗೆ ಮೂಗಿಗೆ ಹೋಗತ್ತೆ.

ನಿಧಾನವೇಸರಿ:
ಜಗಳ ಬೇಡ, ಮಧ್ಯದ ದಾರಿ ಒಂದಿದೆ. ಮೈ ಭಾಗ ತೋಳು ಎಲ್ಲಾ ಕಿಡ್ ಸಿಲ್ಕ್, ಕತ್ತಿನ ಪಟ್ಟಿ ಮಾತ್ರ ಅದೇ ಬಣ್ಣದ ಬರೀ ಮೆರಿನೋದಲ್ಲಿ (ಮೆತ್ತಗಿನ ಕುರಿ ಉಣ್ಣೆ). ಇದರಲ್ಲಿ ಇನ್ನೊಂದು ಲಾಭನೂ ಇದೆ, ಮೊಹೇರ್ ಕೂದಲಿನ ಮೇಲ್ಮೈ ನುಣುಪು, ಕುರಿ ಉಣ್ಣೆ ಹಾಗೆ ಸುರುಳಿ ಸುರುಳಿ ಇಲ್ಲ, ಅದಕ್ಕೇ ಅದು ಅಷ್ಟು ಹೊಳೆಯತ್ತೆ, ಆದ್ರೆ ಎಳೆದ್ರೆ ವಾಪಸ್ ಬರೋ ಗುಣ ಕಮ್ಮಿ, ಹಾಗಾಗಿ ಕತ್ತು ಮತ್ತೆ ಮುಂಗೈ ಹತ್ರ ಹಾಕೋ ರಿಬ್ (ಎಳೆದ್ರೆ ಹಿಗ್ಗೋ ಗೆರೆಗೆರೆ ಪಟ್ಟಿ) ನಾಲ್ಕು ಸಲ ಹಾಕೋಷ್ಟರಲ್ಲಿ ಜೋತು ಬೀಳತ್ತೆ. ಮೆರಿನೋ ಹಾಕಿದ್ರೆ ಹಿಡಿದುಕೊಂಡಿರತ್ತೆ.

ಒಂಟಿ ಎಳೆನಾ ಜೋಡಿನಾ ಅಂತ ಕೇಳಿದ್ರಿ. ಸೂಜಿ ಸೈಜು ನೋಡಿದ್ರೆ ಈ ನೂಲು ವಿಚಿತ್ರ, ಕಿಡ್‌ಸಿಲ್ಕ್ ಹೇಜ್ ಲೇಬಲ್‌ನಲ್ಲೇ 3.25 ಎಂಎಂ ಇಂದ 5 ಎಂಎಂ ತನಕ ಕೊಟ್ಟಿದಾರೆ, 10 ಸೆಂ.ಮೀ.ಗೆ 18 ಸ್ಟಿಚ್ಚೂ ಆಗ್ಬಹುದು 25ಊ ಆಗ್ಬಹುದು. ನವಿರು ಕೂದಲೇ ಮಧ್ಯದ ಖಾಲಿ ಜಾಗ ತುಂಬ್ಕೊಳ್ಳತ್ತೆ ನೋಡಿ. ನೀವಂದ ಹತ್ತಿ ಥರ ಬೇಕಂದ್ರೆ ಒಂಟಿ ಎಳೆ, ದೊಡ್ಡ ಸೂಜಿ, ಸಡಿಲ ಕೈ. ಬಿಗಿಯಾಗಿ ಹೆಣೆದ್ರೆ ನವಿರು ಕೂದಲು ಒಳಗೇ ಸಿಕ್ಕಿಹಾಕ್ಕೊಂಡು ಕಂಬಳಿ ಥರ ಆಗತ್ತೆ, ಚುಚ್ಚೋದೂ ಜಾಸ್ತಿ ಅನ್ಸತ್ತೆ. ಮೈತುಂಬೋ ಸ್ವೆಟರ್‌ಗೆ ಒಂಟಿ ಎಳೆ ಆದ್ರೆ ಐದು ಉಂಡೆ ಅಂದ್ರೆ 1050 ಮೀಟರ್ ಇಟ್ಕೊಳ್ಳಿ, ಒಂದು ಜಾಸ್ತಿ ತಗೊಂಡ್ರೆ ಒಳ್ಳೇದು, ಬಣ್ಣದ ಲಾಟ್ ನಂಬರ್ ಬೇರೆ ಆದ್ರೆ ಆಮೇಲೆ ತೋಳು ಒಂದು ಬಣ್ಣ ಮೈ ಒಂದು ಬಣ್ಣ. ಬೆಚ್ಚಗೆ ಬೇಕು ಅಂದ್ರೆ ಸಣ್ಣ ಮೆರಿನೋ ಎಳೆ ಜೊತೆ ಸೇರಿಸಿ ಹೆಣೀರಿ, ಆಗ ಮೈಗೆ ತಾಗೋದ್ರಲ್ಲಿ ಅರ್ಧ ಮೆರಿನೋ ಆಗಿರತ್ತೆ.

ಮುಖ್ಯವಾದ್ದು ಮರೆತಿದ್ದೆ. ಇದನ್ನ ಬಿಚ್ಚೋದು ನರಕ. ಕೂದಲು ಕೂದಲಿಗೆ ಅಂಟಿಕೊಂಡಿರತ್ತೆ, ಜೋರಾಗಿ ಎಳೆದ್ರೆ ಗಂಟು. ಪ್ಲಾಸ್ಟಿಕ್ ಕವರಿಗೆ ಹಾಕಿ ಒಂದೆರಡು ಗಂಟೆ ಫ್ರೀಜರ್‌ನಲ್ಲಿ ಇಟ್ಟು ಆಮೇಲೆ ನಿಧಾನಕ್ಕೆ ಬಿಚ್ಚಿ, ನಗಬೇಡಿ, ಕೆಲಸ ಮಾಡತ್ತೆ. ಸ್ಟೀಲ್ ಸೂಜಿ ಜಾರತ್ತೆ ಅನ್ನಿಸಿದ್ರೆ ಬಿದಿರಿಂದು. ಮೊದಲನೇ ಸಲ ಅಂದ್ರೆ ತಿಳಿ ಬಣ್ಣನೇ ತಗೊಳ್ಳಿ, ಗಾಢ ಬಣ್ಣದಲ್ಲಿ ಸ್ಟಿಚ್ ಎಲ್ಲಿದೆ ಅಂತ ಕಾಣಲ್ಲ, ಬೆರಳಲ್ಲಿ ಮುಟ್ಟಿ ಎಣಿಸ್ಬೇಕು.

ಹೊಸಕಡ್ಡಿ:
ಅಬ್ಬಾ ಇಷ್ಟೊಂದು ವಿಷಯ! ಎಲ್ರಿಗೂ ಥ್ಯಾಂಕ್ಸ್. ಒಂದು ಅನುಮಾನ, ಆನ್‌ಲೈನ್‌ನಲ್ಲಿ ಸಾಫ್ಟ್ ಮೊಹೇರ್ ಅಂತಾನೇ ಸಿಗೋ ತುಂಬಾ ಅಗ್ಗದ ಉಂಡೆಗಳಿದಾವಲ್ಲ, ಅವು ಹೇಗೆ? ಮುಟ್ಟಿದ್ರೆ ಚುಚ್ಚೋದೇ ಇಲ್ಲ.

ಉಂಡೆಉಲ್ಲನ್:
ಚುಚ್ಚಲ್ಲ ಯಾಕಂದ್ರೆ ಅದ್ರಲ್ಲಿ ಮೇಕೆನೇ ಇಲ್ಲ 😀 ಅವುಗಳಲ್ಲಿ ಎಷ್ಟೋ ಅಕ್ರಿಲಿಕ್. ಒಂದು ಬೆರಳುದ್ದ ತುಂಡು ಇಕ್ಕಳದಲ್ಲಿ ಹಿಡಿದು ಸಿಂಕ್ ಮೇಲೆ ಬೆಂಕಿ ತೋರಿಸಿ ನೋಡಿ. ಮೊಹೇರ್ ಆದ್ರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿ ಆಗತ್ತೆ. ಅಕ್ರಿಲಿಕ್ ಆದ್ರೆ ಕರಗಿ ಗಟ್ಟಿ ಮಣಿ ಆಗತ್ತೆ, ತಣ್ಣಗಾಗೋ ತನಕ ಮುಟ್ಟಬೇಡಿ. ಅಕ್ರಿಲಿಕ್ ಕೆಟ್ಟದ್ದು ಅಂತ ಅಲ್ಲ, ಆದ್ರೆ ಆ ತೆಳುವು, ತೂಕನೇ ಇಲ್ಲದೆ ಬೆಚ್ಚಗಿರೋದು, ಅದು ಬರಲ್ಲ.

ಬಿಚ್ಚೋಲೆ:
ಮೇಕೆ ವಿಷಯ ಬಂತಲ್ಲ, ಒಂದು ಮಾತು. ಪ್ರಪಂಚದ ಮೊಹೇರ್‌ನಲ್ಲಿ ಸುಮಾರು ಅರ್ಧ ದಕ್ಷಿಣ ಆಫ್ರಿಕಾದ್ದು, 2018ರಲ್ಲಿ ಅಲ್ಲಿ ಕತ್ತರಿಸೋವಾಗ ಮೇಕೆಗಳಿಗೆ ಹಿಂಸೆ ಮಾಡೋ ವಿಡಿಯೋ ಹೊರಗೆ ಬಂದು ದೊಡ್ಡ ದೊಡ್ಡ ಬಟ್ಟೆ ಬ್ರ್ಯಾಂಡುಗಳೇ ಮೊಹೇರ್ ಬಿಟ್ವು. 2020ರಲ್ಲಿ ರೆಸ್ಪಾನ್ಸಿಬಲ್ ಮೊಹೇರ್ ಸ್ಟ್ಯಾಂಡರ್ಡ್ ಅಂತ ಒಂದು ಬಂತು, ಲೇಬಲ್ ಮೇಲೆ ಆರ್‌ಎಂಎಸ್ ಅಂತ ಇರತ್ತೆ. ನಾನು ಈಗ ಅದು ಇದ್ರೆ ಮಾತ್ರ ತಗೊಳ್ಳೋದು, ನಿಮ್ಮಿಷ್ಟ ನಿಮ್ಗೆ.

ಹೊಸಕಡ್ಡಿ:
ಅಪ್‌ಡೇಟ್. ಕಿಡ್ ಸಿಲ್ಕ್ ಒಂದು ಉಂಡೆ, ಅಲ್ಪಾಕಾ ಒಂದು ಉಂಡೆ ತಂದು ಎರಡರಲ್ಲೂ ಅಂಗೈ ಅಗಲದ ಚೌಕ ಹೆಣೆದು, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಟವೆಲ್‌ನಲ್ಲಿ ಒತ್ತಿ ಚಪ್ಪಟೆ ಒಣಗಿಸಿ, ಅಕ್ಕನ ಅಂಗಿ ಕಾಲರ್ ಒಳಗೆ ಎಡಕ್ಕೊಂದು ಬಲಕ್ಕೊಂದು ಪಿನ್ ಮಾಡಿ ಕಳಿಸಿದೆ, ಯಾವ್ದು ಯಾವ ಕಡೆ ಅಂತ ಹೇಳ್ಲಿಲ್ಲ. ಸಂಜೆ ಬಂದು ಬಲಗಡೆದು ಇತ್ತು ಅಂತಾನೇ ಮರೆತುಹೋಗಿತ್ತು ಅಂದ್ಲು, ಎಡಗಡೆದು ಮಧ್ಯಾಹ್ನದ ತನಕ ಸುಮ್ನಿತ್ತಂತೆ, ಬೆವರು ಬಂದ ಮೇಲೆ ಸ್ವಲ್ಪ ಶುರು ಆಯ್ತಂತೆ. ಬಲಕ್ಕಿದ್ದಿದ್ದು ಅಲ್ಪಾಕಾ. ಬಿಚ್ಚೋಲೆ ಅವ್ರೇ ನೀವು ಗೆದ್ರಿ. ಆದ್ರೆ ಎರಡೂ ಚೌಕ ಟೇಬಲ್ ಮೇಲೆ ಇಟ್ಟು ತೋರಿಸಿದ್ರೆ ಅವಳ ಬೆರಳು ಹೋಗಿದ್ದು ಮೊಹೇರ್ ಕಡೆಗೆ, ಆ ಹೊಳಪು ಬೇಕಂತೆ! ಹಾಗಾಗಿ ಮೈ ತೋಳು ಕಿಡ್ ಸಿಲ್ಕ್, ಕತ್ತು ಮುಂಗೈ ಮೆರಿನೋ, ನಿಧಾನವೇಸರಿ ಅವ್ರು ಹೇಳಿದ್ದೇ. ಒಳಗೊಂದು ಹತ್ತಿ ಬನಿಯನ್ ಹಾಕ್ಕೊಳ್ತೀನಿ ಅಂತ ಅವಳೇ ಒಪ್ಕೊಂಡಿದಾಳೆ. ಬಣ್ಣ ನೀನೇ ಆರಿಸು ಅಂದೆ. ಕಪ್ಪು ಅಂದ್ಲು.

ನಿಧಾನವೇಸರಿ:
ಫ್ರೀಜರ್‌ನಲ್ಲಿ ಜಾಗ ಖಾಲಿ ಮಾಡಿ ಇಟ್ಕೊಳ್ಳಿ.