ಪ್ಯಾನಿಕ್‌ಗೆ ಮಾತ್ರೆ, ಥೆರಪಿ ಎರಡೂ ಬೇಕಾ? ಅಮೆರಿಕದಲ್ಲಿರೋರು ಅನುಭವ ಹೇಳಿ

ಪ್ರಶ್ನೆ: ಕ್ಯಾಲಿಫೋರ್ನಿಯಾಗೆ ಬಂದು ಮೂರು ವರ್ಷ. ಪ್ಯಾನಿಕ್ ಅಟ್ಯಾಕ್‌ಗೆ ಎರಡು ತಿಂಗಳಿಂದ ಸರ್ಟ್ರಲೀನ್ (ದಿನಾ ತಗೊಳ್ಳೋ ಆತಂಕದ ಮಾತ್ರೆ) ತಗೋತಿದ್ದೀನಿ. ಎಚ್‌ಎಂಓ ಪ್ಲಾನ್ (ತನ್ನ ಪಟ್ಟಿಯಲ್ಲಿರೋ ಡಾಕ್ಟ್ರುಗಳ ಹತ್ತಿರವೇ ಕಳಿಸೋ ಆರೋಗ್ಯ ವಿಮೆ). ಸೈಕಿಯಾಟ್ರಿಸ್ಟ್ ವಿಡಿಯೋದಲ್ಲಿ ಹದಿನೈದು ನಿಮಿಷ ಸಿಗ್ತಾರೆ, ನಿದ್ದೆ ಹೇಗಿದೆ, ಹಸಿವು ಹೇಗಿದೆ, ಅಷ್ಟೇ. ಥೆರಪಿಗೆ ಬೇರೆಯವರು; ಮೊದಲ ಭೇಟಿ ಆದಮೇಲೆ ಮುಂದಿನದು ಐದು ವಾರಕ್ಕೆ ಅಂತೆ. ಮಾತ್ರೆಯಿಂದಲೇ ಸುಮಾರು ವಾಸಿ ಅನಿಸ್ತಿದೆ. ಎರಡೂ ಬೇಕಾ? ಅವರಿಬ್ಬರೂ ನನ್ನ ವಿಷಯ ಮಾತಾಡ್ಕೋತಾರಾ?

ಫ್ರೀಮಾಂಟ್‌ನಿಂದ: ಮಾತಾಡ್ಕೊಳ್ಳಲ್ಲ. ನಾವೇ ಮಾತಾಡಿಸಬೇಕು. ಇಷ್ಟು ತಿಳಿಯೋಕೆ ನನಗೆ ಒಂದು ವರ್ಷ ಹಿಡೀತು.

ನನಗೂ ಪ್ಯಾನಿಕ್ಕೇ. ಸ್ಯಾನ್ ಮಟೇಯೋ ಸೇತುವೆ ಏಳು ಮೈಲಿ. ಸುತ್ತ ನೀರು ಕಂಡದ್ದೇ ಎದೆ ಡವಡವ, ಕೈಯೆಲ್ಲ ಜೋಮು. ಡಾಕ್ಟ್ರು ಸರ್ಟ್ರಲೀನ್ ಜೊತೆಗೆ, ತೀರಾ ಆದರೆ ತಗೊಳ್ಳಿ ಅಂತ ಕ್ಲೋನಾಜೆಪಾಮ್ (ದಿಗಿಲನ್ನ ಬೇಗ ಇಳಿಸೋ ಮಾತ್ರೆ) ಬರೆದಿದ್ದರು. ಥೆರಪಿಸ್ಟು ವಾರಕ್ಕೊಮ್ಮೆ ಸೇತುವೆ ದಾಟೋ ಅಭ್ಯಾಸ ಕೊಟ್ಟಿದ್ದರು: ಓಡದೆ ನಿಂತರೆ ದಿಗಿಲು ತಾನಾಗೇ ಇಳಿಯುತ್ತೆ ಅಂತ ಮೈಗೆ ಗೊತ್ತಾಗಬೇಕು. ನಾನು ಮಹಾ ಜಾಣ, ಹೊರಡೋ ಮುಂಚೆ ಅರ್ಧ ಕ್ಲೋನಾಜೆಪಾಮ್ ನುಂಗಿ ಹಾಡು ಕೇಳ್ಕೊಂಡು ದಾಟಿ ಬರ್ತಿದ್ದೆ. ಥೆರಪಿಸ್ಟಿಗೂ ಖುಷಿ, ನನಗೂ ಖುಷಿ. ಮಾತ್ರೆ ಮನೇಲಿ ಮರೆತ ದಿನ ಟೋಲ್ ಹತ್ತಿರಾನೇ ಗಾಡಿ ಪಕ್ಕಕ್ಕೆ ಹಾಕಿ ಕೂತುಬಿಟ್ಟೆ. ದಾಟಿದ ಪುಣ್ಯವೆಲ್ಲ ಮಾತ್ರೆಯ ಖಾತೆಗೆ ಜಮಾ ಆಗಿತ್ತು, ನನ್ನ ಖಾತೆ ಸೊನ್ನೆ.

ಆಮೇಲೆ ಎರಡೂ ಕಡೆ ಮಾಹಿತಿ ಹಂಚಿಕೊಳ್ಳೋ ಒಪ್ಪಿಗೆ ಫಾರಂಗೆ ಸಹಿ ಹಾಕಿದೆ. ಅವರಿಬ್ಬರ ನಡುವೆ ಆದದ್ದು ಹತ್ತು ನಿಮಿಷದ ಒಂದು ಫೋನು. ಕ್ಲೋನಾಜೆಪಾಮನ್ನ ವಾರಗಟ್ಟಲೆ ಸಮಯ ಕೊಟ್ಟು ಸ್ವಲ್ಪಸ್ವಲ್ಪವೇ ಇಳಿಸಿದರು (ದಿನಾ ತಗೊಳ್ಳೋರು ತಾವಾಗೇ ದಿಢೀರ್ ಬಿಡೋದು ಅಪಾಯ, ಫಿಟ್ಸ್ ಬರಬಹುದು). ಸರ್ಟ್ರಲೀನ್ ಹಾಗೇ ಇಟ್ಟರು. ಅದು ತಳಮಳ ತಗ್ಗಿಸಿದ್ದಕ್ಕೇ ಕಾರಿನ ಕೀಲಿ ಮುಟ್ಟೋ ಧೈರ್ಯ ಬಂದದ್ದು, ಅದನ್ನ ಅಲ್ಲಗಳೆಯಲ್ಲ.

ಸ್ಯಾಕ್ರಮೆಂಟೊದಿಂದ: ಐದು ವಾರ ಅಂದರೆ ಸುಮ್ಮನಿರಬೇಡಿ. ಕ್ಯಾಲಿಫೋರ್ನಿಯಾದಲ್ಲಿ 2022ರ ಜುಲೈಯಿಂದ, ಥೆರಪಿಯ ಮುಂದಿನ ಭೇಟಿ 10 ಕೆಲಸದ ದಿನಗಳೊಳಗೆ ಸಿಗಬೇಕು. ತಡವಾದರೂ ತೊಂದರೆಯಿಲ್ಲ ಅಂತ ಥೆರಪಿಸ್ಟೇ ಬರೆದಿದ್ದರೆ ಮಾತ್ರ ಬೇರೆ. ಪ್ಲಾನಿಗೆ ಫೋನ್ ಮಾಡಿ 'ಗ್ರೀವನ್ಸ್' (ಅಧಿಕೃತ ದೂರು) ಅನ್ನೋ ಪದಾನೇ ಬಳಸಿ, ಬರೀ ಕಂಪ್ಲೇಂಟ್ ಅಂದರೆ ಗೊಣಗಾಟ ಅಂದ್ಕೋತಾರೆ. ಪ್ಲಾನಿನ ಪಟ್ಟಿಯಲ್ಲಿ, ಅಂದರೆ ನೆಟ್‌ವರ್ಕ್‌ನಲ್ಲಿ, ಯಾರೂ ಇಲ್ಲದಿದ್ದರೆ ಹೊರಗಿನವರನ್ನ ಅದೇ ಕೋಪೇಗೆ (ಭೇಟಿಗೆ ನಾವು ಕೈಯಿಂದ ಕೊಡೋ ಪಾಲು) ಒದಗಿಸೋದು ಅವರ ಹೊಣೆ. ಆಗಲೂ ಜಗ್ಗದಿದ್ದರೆ ಇಂಥ ಪ್ಲಾನ್‌ಗಳ ಮೇಲೆ ಕಣ್ಣಿಡೋ ರಾಜ್ಯದ ಡಿಎಂಎಚ್‌ಸಿ ಇಲಾಖೆಗೆ ದೂರು. ನನ್ನ ತಂಗಿಗೆ ಆ ಇಲಾಖೆ ಹೆಸರೆತ್ತಿದ ಮೂರನೇ ದಿನ ಅಪಾಯಿಂಟ್‌ಮೆಂಟ್ ಹುಟ್ಟಿಕೊಳ್ತು.

ಡಲ್ಲಾಸ್‌ನಿಂದ: ನನಗೆ ಮಾತ್ರೆ ಒಂದೇ ಸಾಕಾಯ್ತು, ಎರಡು ವರ್ಷ. ಡಾಕ್ಟ್ರು ಹೇಳಿದ ಹಾಗೇ ಇಳಿಸಿ ಬಿಟ್ಟೆ, ನಾಲ್ಕೇ ತಿಂಗಳಿಗೆ ಮತ್ತೆ ಹಾಜರ್. ಥೆರಪಿ ಮಾಡಿದ್ದರೆ ಬರ್ತಿರಲಿಲ್ಲವೇನೋ, ಯಾರಿಗೆ ಗೊತ್ತು. ಈ ಸಲ ಎರಡೂ ಇದೆ.

ಸ್ಯಾನ್ ಹೋಸೆಯಿಂದ: ನನ್ನ ತೊಡಕು ಭಾಷೆದು. ಥೆರಪಿಸ್ಟಿಗೆ ಎಲ್ಲವೂ 'ಆಂಕ್ಷಿಯಸ್'. ಊರಿಂದ ರಾತ್ರಿ ಫೋನ್ ಬಂದರೆ ಆಗೋದು ಕಳವಳ, ಲಿಫ್ಟಿನಲ್ಲಿ ಆಗೋದು ದಿಗಿಲು, ಎರಡೂ ಒಂದೇನಾ? ಬೆಂಗಳೂರಿನ ಕನ್ನಡ ಕೌನ್ಸೆಲರ್ ವಿಡಿಯೋದಲ್ಲಿ ಸಿಕ್ಕರು, ಆದರೆ ಪ್ಲಾನ್ ಒಂದು ಡಾಲರೂ ಕೊಡಲ್ಲ. ಕೊನೆಗೆ ಇಲ್ಲಿಯವರೇ, ಡೈರಿಯಲ್ಲಿ ಕನ್ನಡ ಪದಾನೇ ಬರಿ, ಆಮೇಲೆ ನನಗೆ ವಿವರಿಸು ಅಂದರು. ವಿವರಿಸೋದ್ರಲ್ಲೇ ಅರ್ಧ ಕೆಲಸ ಆಗ್ತಿದೆ.

ಪ್ರಶ್ನೆ ಕೇಳಿದವರು: ನಲವತ್ತು ನಿಮಿಷ ಹೋಲ್ಡ್ ಮ್ಯೂಸಿಕ್ ಕೇಳಿದಮೇಲೆ ಮುಂದಿನ ಗುರುವಾರಕ್ಕೆ ಥೆರಪಿ ಸಿಕ್ತು. ಫಾರಂಗೂ ಸಹಿ ಹಾಕಿದೆ. ಫ್ರೀಮಾಂಟ್‌ನವರೇ, 'ತೀರಾ ಆದರೆ' ಮಾತ್ರೆ ನನ್ನ ಪರ್ಸಲ್ಲೂ ಇದೆ. ಥೆರಪಿಸ್ಟಿಗೆ ಹೇಳಿಲ್ಲ, ಇಲ್ಲೂ ಬರೆದಿರಲಿಲ್ಲ ನೋಡಿ.